ಹೆರಿಗೆಗೆ ಆಸ್ಪತ್ರೆ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಹೆರಿಗೆಗೆ ಆಸ್ಪತ್ರೆ ನೋಡಲು ಹೋದವರಿಗೆ ಸಾಮಾನ್ಯವಾಗಿ ಮೊದಲು ತೋರಿಸುವುದು ಬಾಣಂತಿ ಇರುವ ಕೋಣೆಯನ್ನು. ಕೋಣೆ ಚೊಕ್ಕಟವಾಗಿರಬೇಕು, ನಿಜ. ಆದರೆ ನಡುರಾತ್ರಿ ಎರಡು ಗಂಟೆಗೆ ಹೆರಿಗೆ ತೊಡಕಾದರೆ ಆ ಕಟ್ಟಡದೊಳಗೆ ಯಾರಿರುತ್ತಾರೆ ಎಂಬುದನ್ನು ತಿಳಿಯದೆ ಆಸ್ಪತ್ರೆಯನ್ನು ನಿರ್ಧರಿಸಬಾರದು. ಏಳು ತಿಂಗಳು ತುಂಬುವುದರೊಳಗೆ ಈ ವಿಚಾರಣೆ ಮುಗಿದರೆ, ಸರಿಯೆನಿಸದಿದ್ದಲ್ಲಿ ಬೇರೆ ಕಡೆ ನೋಡಲು ಕಾಲಾವಕಾಶ ಉಳಿಯುತ್ತದೆ.

ಮೊದಲು ನಿಮ್ಮ ಸ್ಥಿತಿಯನ್ನು ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಅಧಿಕ ರಕ್ತದೊತ್ತಡ, ಮಧುಮೇಹ, ತೀವ್ರ ರಕ್ತಹೀನತೆ, ಅವಳಿ ಮಕ್ಕಳು, ಹಿಂದೆ ಆಗಿರುವ ಸಿಸೇರಿಯನ್, ಗರ್ಭಕೋಶದ ಬಾಯಿಗೆ ಅಡ್ಡವಾಗಿರುವ ಮಾಸು, ಇವುಗಳಲ್ಲಿ ಯಾವುದಿದ್ದರೂ ಶಸ್ತ್ರಚಿಕಿತ್ಸೆ, ರಕ್ತ ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಒಂದೇ ಸೂರಿನಡಿ ಸಿಗುವ ಆಸ್ಪತ್ರೆಯನ್ನೇ ಆರಿಸುವುದು ಕ್ಷೇಮ. ಇಂಥ ತೊಡಕಿಲ್ಲದವರಿಗೆ ನುರಿತ ಸಿಬ್ಬಂದಿಯಿರುವ ಚಿಕ್ಕ ಹೆರಿಗೆ ಕೇಂದ್ರವೂ ಸಾಕಾಗಬಹುದು; ಆದರೆ ತುರ್ತಿನಲ್ಲಿ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಯಾರ ಜೊತೆಯಲ್ಲಿ ಕಳುಹಿಸುತ್ತಾರೆ ಎಂಬುದಕ್ಕೆ ಅಲ್ಲಿ ತಡವರಿಸದ ಉತ್ತರ ಸಿಗಬೇಕು.

ರಕ್ತದ ಪ್ರಶ್ನೆಯನ್ನು ಯಾರೂ ಬಿಡಬಾರದು. ಸಹಜ ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಯಾದ ರಕ್ತಸ್ರಾವವೆಂದು ಪರಿಗಣಿಸುವುದು ರೂಢಿ. ಗರ್ಭಕೋಶ ಸರಿಯಾಗಿ ಸಂಕುಚಿಸದಿರುವುದೇ ಇದಕ್ಕೆ ಮುಖ್ಯ ಕಾರಣವಾದ್ದರಿಂದ, ಒಂಬತ್ತು ತಿಂಗಳೂ ಆರೋಗ್ಯವಾಗಿದ್ದವರಲ್ಲಿಯೂ ಇದು ಅನಿರೀಕ್ಷಿತವಾಗಿ ಸಂಭವಿಸಬಹುದು. ಮಗು ಹುಟ್ಟಿದೊಡನೆ, ಗರ್ಭಕೋಶ ಸಂಕುಚಿಸಲು ನೆರವಾಗುವ ಆಕ್ಸಿಟೋಸಿನ್ ಔಷಧವನ್ನು ಕೊಡುವ ಪದ್ಧತಿ ಇದೆಯೇ, ರಕ್ತ ಆಸ್ಪತ್ರೆಯಲ್ಲೇ ಇರುತ್ತದೆಯೇ, ಹೊರಗಿನಿಂದ ತರಿಸಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ. ಅರಿವಳಿಕೆ ತಜ್ಞರ ಬಗ್ಗೆ ವಿಚಾರಿಸುವಾಗಲೂ ಮಾತಿನ ವ್ಯತ್ಯಾಸವನ್ನು ಗಮನಿಸಿ: ‘ಇದ್ದಾರೆ’ ಎನ್ನುವುದು ಬೇರೆ, ‘ಕರೆದರೆ ಬರುತ್ತಾರೆ’ ಎನ್ನುವುದು ಬೇರೆ. ತುರ್ತು ಸಿಸೇರಿಯನ್ ನಿರ್ಧಾರವಾದ 30 ನಿಮಿಷಗಳಲ್ಲಿ ಶಸ್ತ್ರಚಿಕಿತ್ಸೆ ಆರಂಭಿಸುವುದು ಹಲವೆಡೆ ಪಾಲಿಸುವ ಗುರಿ. ರಾತ್ರಿ ಮತ್ತು ರಜಾದಿನಗಳಲ್ಲಿ ಅದು ಸಾಧ್ಯವೇ ಎಂದು ನೇರವಾಗಿಯೇ ಕೇಳಬಹುದು.

ಹುಟ್ಟಿದ ಮಗು ಅಳದೆ, ಉಸಿರಾಡದೆ ಇದ್ದರೆ ಮೊದಲ ಒಂದು ನಿಮಿಷದೊಳಗೆ ಉಸಿರಾಟಕ್ಕೆ ನೆರವು ಆರಂಭವಾಗಬೇಕು. ಆದ್ದರಿಂದ ಅದರಲ್ಲಿ ತರಬೇತಿ ಪಡೆದವರೊಬ್ಬರು ಪ್ರತಿ ಹೆರಿಗೆಯಲ್ಲೂ ಹಾಜರಿರುತ್ತಾರೆಯೇ ಎಂಬುದು, ಮಕ್ಕಳ ತಜ್ಞರ ಹೆಸರು ಫಲಕದಲ್ಲಿದೆಯೇ ಎಂಬುದಕ್ಕಿಂತ ಮುಖ್ಯ. 37 ವಾರಕ್ಕೆ ಮೊದಲೇ ಹೆರಿಗೆಯಾಗುವ ಸಂಭವವಿದ್ದರೆ, ಎಷ್ಟು ವಾರದ ಮಗುವನ್ನು ಅಲ್ಲೇ ನೋಡಿಕೊಳ್ಳಬಲ್ಲರು ಎಂಬುದನ್ನೂ ತಿಳಿಯಿರಿ.

ಸಿಸೇರಿಯನ್ ಪ್ರಮಾಣವನ್ನು ಕೇಳಲು ಸಂಕೋಚ ಬೇಡ, ಆದರೆ ಬರಿಯ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಬೇರೆಡೆಯಿಂದ ತೊಡಕಿನ ಪ್ರಕರಣಗಳು ಬಂದು ಸೇರುವ ದೊಡ್ಡ ಆಸ್ಪತ್ರೆಯಲ್ಲಿ ಅದು ಹೆಚ್ಚಿರುವುದು ಸಹಜ. ಮೊದಲ ಗರ್ಭ, ಯಾವ ತೊಡಕೂ ಇಲ್ಲ ಎನ್ನುವಂಥವರಲ್ಲಿ ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯಾಗುತ್ತದೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಈ ಪ್ರಶ್ನೆಗೆ ಸಿಡುಕುವ ವೈದ್ಯರು ಹೆರಿಗೆ ಕೋಣೆಯಲ್ಲಿ ನಿಮ್ಮ ಮಾತನ್ನು ತಾಳ್ಮೆಯಿಂದ ಕೇಳುವುದು ಸಂಶಯವೇ.

ನೋವಿನ ಸಮಯದಲ್ಲಿ ನಿಮಗೆ ಬೇಕಾದವರು ಜೊತೆಗಿರಲು ಬಿಡುತ್ತಾರೆಯೇ, ಮೊದಲ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕುಡಿಸಲು ನೆರವಾಗುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಖರ್ಚಿನ ಅಂದಾಜನ್ನು ಸಹಜ ಹೆರಿಗೆ, ಸಿಸೇರಿಯನ್ ಮತ್ತು ಮಗುವಿನ ತೀವ್ರ ನಿಗಾ ಎಂದು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಕೊನೆಗೆ, ವಾಹನಗಳ ದಟ್ಟಣೆ ಹೆಚ್ಚಿರುವ ಹೊತ್ತಿನಲ್ಲಿ ಒಮ್ಮೆ ಮನೆಯಿಂದ ಆಸ್ಪತ್ರೆಗೆ ಹೋಗಿ, ತಗಲುವ ಸಮಯವನ್ನು ನೋಡಿ, ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನು ಕಾವಲುಗಾರರಿಂದ ತಿಳಿದುಕೊಂಡು ಬನ್ನಿ.