ಸೈನಸ್ ಸ್ಕ್ಯಾನ್ ವರದಿ ಓದಿಕೊಳ್ಳುವುದು ಹೇಗೆ?

ಸೈನಸ್‌ನ (ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳ) ಸಿ.ಟಿ. ವರದಿ ಕೈಗೆ ಬಂದ ಕೂಡಲೇ ಕೇಳರಿಯದ ಹೆಸರುಗಳು ಕಣ್ಣಿಗೆ ಬೀಳುತ್ತವೆ: ಡಿ.ಎನ್.ಎಸ್., ಕಾಂಕಾ ಬುಲ್ಲೋಸಾ, ಹ್ಯಾಲರ್ ಸೆಲ್. ಎದೆ ಧಸಕ್ಕೆನ್ನುವುದು ಸಹಜ. ಆದರೆ ಇವು ಕಾಯಿಲೆಗಳ ಹೆಸರಲ್ಲ, ಮೂಗಿನೊಳಗಿನ ರಚನೆಯ ವ್ಯತ್ಯಾಸಗಳು. ಮುಖ ಒಬ್ಬೊಬ್ಬರದು ಒಂದೊಂದು ಥರ ಇರುವ ಹಾಗೆ ಮೂಗಿನ ಒಳಭಾಗವೂ ಇರುತ್ತದೆ.

ಮೊದಲು ಚಿತ್ರದ ಬಣ್ಣ ಮತ್ತು ದಿಕ್ಕು ತಿಳಿದುಕೊಳ್ಳಿ. ಕಪ್ಪು ಎಂದರೆ ಗಾಳಿ, ಬಿಳಿ ಎಂದರೆ ಮೂಳೆ, ಬೂದು ಎಂದರೆ ಲೋಳೆಪೊರೆ ಅಥವಾ ತುಂಬಿಕೊಂಡ ಲೋಳೆ. ಆರೋಗ್ಯವಂತ ಸೈನಸ್ ಕಪ್ಪಗಿರುತ್ತದೆ. ನಿಮ್ಮ ಬಲಭಾಗ ಚಿತ್ರದಲ್ಲಿ ಎಡಕ್ಕೆ ಕಾಣುತ್ತದೆ, ಎದುರಿಗೆ ಕುಳಿತವರನ್ನು ನೋಡಿದ ಹಾಗೆ.

ಎರಡನೆಯದು ಎರಡು ಹೊಳ್ಳೆಗಳ ನಡುವಿನ ನಡುಗೋಡೆ. ಡಿ.ಎನ್.ಎಸ್. ಎಂದರೆ ಅದು ಒಂದು ಕಡೆಗೆ ವಾಲಿದೆ ಎಂದಷ್ಟೇ. ತೀರಾ ನೇರವಾದ ನಡುಗೋಡೆ ಅಪರೂಪ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಈ ಒಂದು ಸಾಲಿಗಾಗಿ ಆಪರೇಷನ್ ಬೇಕಾಗುವುದಿಲ್ಲ.

ಮೂರನೆಯದು ಟರ್ಬಿನೇಟ್‌ಗಳು, ಅಂದರೆ ಪಕ್ಕದ ಗೋಡೆಯಿಂದ ಇಳಿಬಿದ್ದ ಸುರುಳಿ ಮೂಳೆಗಳು. ಮಧ್ಯದ ಸುರುಳಿಯೊಳಗೆ ಗಾಳಿಗುಳ್ಳೆ ಇದ್ದರೆ ಅದೇ ಕಾಂಕಾ ಬುಲ್ಲೋಸಾ. ಒಂದು ಕಡೆಯ ಟರ್ಬಿನೇಟ್ ಊದಿದಂತೆ ಕಂಡರೂ ಗಾಬರಿ ಬೇಡ. ಎರಡೂ ಹೊಳ್ಳೆಗಳ ಒಳಪೊರೆ ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಊದಿ ಇಳಿಯುತ್ತದೆ. ಸ್ಕ್ಯಾನ್ ಆ ಗಳಿಗೆಯ ಸ್ಥಿತಿಯನ್ನಷ್ಟೇ ಹಿಡಿದಿರುತ್ತದೆ.

ಇಡೀ ವರದಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ನಾಲ್ಕನೆಯ ಹಂತದಲ್ಲಿ: ಸೈನಸ್‌ನ ಬಾಯಿ ತೆರೆದಿದೆಯೇ? ಕೆನ್ನೆಯ ಸೈನಸ್‌ಗೆ ಬಾಯಿ ಇರುವುದು ತಳದಲ್ಲಲ್ಲ, ಒಳಗೋಡೆಯ ಮೇಲ್ಭಾಗದಲ್ಲಿ. ಲೋಳೆ ತಾನಾಗಿ ಕೆಳಗೆ ಸೋರಿಹೋಗದು; ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ತಳ್ಳಿ ಆ ಬಾಯಿಗೆ ಮುಟ್ಟಿಸಬೇಕು. ಆ ದಾರಿ ಮೊದಲೇ ಇಕ್ಕಟ್ಟು. ಕಣ್ಣುಗೂಡಿನ ತಳದಲ್ಲಿ ಬೆಳೆದ ಹ್ಯಾಲರ್ ಸೆಲ್ ಎಂಬ ಗಾಳಿಗುಳ್ಳೆ ಅಥವಾ ದೊಡ್ಡ ಕಾಂಕಾ ಬುಲ್ಲೋಸಾ ಅದನ್ನು ಇನ್ನಷ್ಟು ಕಿರಿದಾಗಿಸಬಹುದು. ಆದ್ದರಿಂದ ವ್ಯತ್ಯಾಸದ ಹೆಸರು ಕಂಡಲ್ಲೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ಹಿಂದಿನ ಸೈನಸ್ ಕಪ್ಪಗಿದೆಯೇ, ಬೂದಾಗಿದೆಯೇ? ಕಪ್ಪಗಿದ್ದರೆ ಆ ಹೆಸರು ಸಾಮಾನ್ಯವಾಗಿ ಬರೀ ವಿವರಣೆ. ಬೂದಾಗಿದ್ದು, ನಿಮ್ಮ ತೊಂದರೆಯೂ ಅದೇ ಕಡೆ ಇದ್ದರೆ ವೈದ್ಯರೊಡನೆ ಬಿಡಿಸಿ ಮಾತಾಡಿ. ನೆಗಡಿ ಇದ್ದಾಗ ಸ್ಕ್ಯಾನ್ ಮಾಡಿಸಿದ್ದರೆ ಅದನ್ನೂ ಹೇಳಿ. ಸಾದಾ ನೆಗಡಿಯಲ್ಲೂ ಲೋಳೆಪೊರೆ ದಪ್ಪವಾಗುತ್ತದೆ.

ಐದನೆಯ ಹಂತ ಆಪರೇಷನ್ ನಿಶ್ಚಯವಾದವರಿಗೆ. ತೊಂದರೆಯನ್ನೇ ಕೊಡದ ವ್ಯತ್ಯಾಸವೂ ಇಲ್ಲಿ ಮುಖ್ಯವಾಗುತ್ತದೆ. ಹಿಂಭಾಗದ ಒನೋಡಿ ಸೆಲ್ ಎಂಬ ಗಾಳಿಗುಳ್ಳೆ ಕಣ್ಣಿನ ನರಕ್ಕೆ ಅಂಟಿಕೊಂಡಂತೆ ಇರಬಹುದು. ಮೂಗಿನ ಚಾವಣಿಯ ಮೇಲೆಯೇ ಮಿದುಳಿದೆ. ಅಲ್ಲಿ ವಾಸನೆ ಗ್ರಹಿಸುವ ಭಾಗ ಕೂತಿರುವ ಕುಳಿಯ ಆಳವನ್ನು 1962ರಲ್ಲಿ ಅಂಗರಚನಾತಜ್ಞ ಕೀರೋಸ್ ಮೂರು ವರ್ಗ ಮಾಡಿದರು: 1ರಿಂದ 3 ಮಿ.ಮೀ., 4ರಿಂದ 7, 8ರಿಂದ 16. ಕುಳಿ ಆಳವಾದಷ್ಟೂ ಅದರ ಪಕ್ಕದ ತೆಳು ಮೂಳೆಗೆ ಪೆಟ್ಟು ತಾಗುವ ಅಪಾಯ ಹೆಚ್ಚು. ಶಸ್ತ್ರವೈದ್ಯರನ್ನು ಈ ಎರಡರ ಬಗ್ಗೆ ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ವೈದ್ಯರ ಬಳಿ ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಚಿತ್ರಗಳನ್ನೂ ಒಯ್ಯಿರಿ. ಹಳೆಯ ಸ್ಕ್ಯಾನ್ ಇದ್ದರೆ ಜೊತೆಗಿರಲಿ. ವಯಸ್ಕರಲ್ಲಿ ಪೆಟ್ಟಾಗದೆ, ಆಪರೇಷನ್ ಆಗದೆ ಮೂಳೆಯ ರಚನೆ ಅಷ್ಟಾಗಿ ಬದಲಾಗುವುದಿಲ್ಲ, ಊತ ಬದಲಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲಿನಿಂದ ಇದ್ದದ್ದು ಯಾವುದು, ಈಚೆಗೆ ಬಂದದ್ದು ಯಾವುದು ಎಂಬುದು ವೈದ್ಯರಿಗೆ ಬೇಗ ತಿಳಿಯುತ್ತದೆ.