ಸ್ಕೂಬಾ ಇನ್‌ಸ್ಟ್ರಕ್ಟರ್ ಆಗ್ಬೇಕಾ? ಈಜು ಬಂದ್ರೆ ಸಾಲೂದಿಲ್ಲ, ಉಸಿರು ಬಿಡೋದು ಕಲೀಬೇಕು

ಅಕ್ಟೋಬರ್ ಬಂತು ಅಂದ್ರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗೋ) ಡೈವಿಂಗ್ ಬೋಟು ಶುರು, ಮೇ ತನಕ ನಡೀತದೆ, ವೀಕೆಂಡಲ್ಲಂತೂ ಬೆಂಗಳೂರು ಹುಬ್ಬಳ್ಳಿ ಕಡೆಯೋರೇ ತುಂಬಿರ್ತಾರೆ. ಆ ಬೋಟಲ್ಲಿ ನಮ್ಮ ಊರ ಹುಡುಗ್ರು ಇಲ್ಲ ಅಂತಲ್ಲ, ಇದ್ದಾರೆ, ಆದ್ರೆ ಸುಮಾರು ಜನ ಎಂಜಿನ್ ಹಿಡಿಯೋದು, ಸಿಲಿಂಡರ್ ಹೊರೋದು, ವಾಂತಿ ಮಾಡ್ಕೊಂಡೋರಿಗೆ ನೀರು ಕೊಡೋದು ಇಷ್ಟರಲ್ಲೇ ಉಳೀತಾರೆ. ಡೈವಿಂಗ್ ಕಲಿತ ಕಾರ್ಡ್ ಇಲ್ಲದ ಪ್ರವಾಸಿಗನ್ನ ಮೊದಲ ಸಲ ಸಮುದ್ರಕ್ಕೆ ಇಳಿಸೋ ಹೊಣೆ ಮಾತ್ರ ಇನ್‌ಸ್ಟ್ರಕ್ಟರ್‌ದು, ಸಂಬಳಾನೂ ಅವರಿಗೇ. ಆ ಜಾಗಕ್ಕೆ ಹೋಗೋದು ಹೇಗೆ ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಅದಕ್ಕೆ ಇದು.

ಡೈವಿಂಗ್ ಕಲಿಸಿ ಕಾರ್ಡ್ ಕೊಡೋ ಸಂಸ್ಥೆಗಳು ಬೇರೆ ಬೇರೆ ಇವೆ, 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿ, ಆಮೇಲೆ 1970ರ ಎಸ್‌ಎಸ್‌ಐ, ಇವೆರಡರ ಹೆಸರು ನಮ್ಮ ಕಡೆ ಜಾಸ್ತಿ ಕೇಳ್ತದೆ. ಎರಡರದ್ದೂ ಮೆಟ್ಟಿಲು ಹೆಚ್ಚುಕಮ್ಮಿ ಒಂದೇ ಥರ, ಇಲ್ಲಿ ಪ್ಯಾಡಿ ಲೆಕ್ಕ ಹೇಳ್ತೇನೆ. ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ, ಡೈವ್‌ಮಾಸ್ಟರ್ (ಇನ್‌ಸ್ಟ್ರಕ್ಟರ್ ಕೈಕೆಳಗಿನ ಗೈಡ್), ಆಮೇಲೆ ಇನ್‌ಸ್ಟ್ರಕ್ಟರ್ ಕೋರ್ಸು. ಮಧ್ಯದ ಒಂದನ್ನ ಹಾರಿ ಹೋಗೋಕೆ ಆಗೂದಿಲ್ಲ.

ದುಡ್ಡು ಕಟ್ಟೋ ಮುಂಚೆ ಡಾಕ್ಟರ್

ಡೈವ್‌ಮಾಸ್ಟರ್‌ಗೂ ಇನ್‌ಸ್ಟ್ರಕ್ಟರ್‌ಗೂ 18 ವರ್ಷ ಆಗಿರ್ಬೇಕು, 12 ತಿಂಗಳ ಒಳಗೆ ಡಾಕ್ಟರ್ ಸೈನ್ ಮಾಡಿದ ಮೆಡಿಕಲ್ ಫಾರ್ಮ್ ಬೇಕು. ಉಬ್ಬಸ, ಮೂರ್ಛೆ, ಕಿವಿ ಆಪರೇಶನ್, ಹೃದಯದ ತೊಂದರೆ ಇದ್ದೋರು ಇದನ್ನ ಕಡೇಗೆ ಇಟ್ಕೋಬೇಡಿ ಮಾರಾಯ್ರೆ, ಲಕ್ಷದ ಲೆಕ್ಕದಲ್ಲಿ ಖರ್ಚಾಗೋ ದಾರಿ ಇದು, ಅರ್ಧ ದಾರೀಲಿ ಡಾಕ್ಟರ್ ಬೇಡ ಅಂದ್ರೆ ದುಡ್ಡು ವಾಪಸ್ ಬರೂದಿಲ್ಲ. ಫಾರ್ಮಲ್ಲಿ ಸುಳ್ಳು ಟಿಕ್ ಹಾಕೋರೂ ಇದ್ದಾರೆ, ಅವ್ರಿಗೆ ಎಂತ ಹೇಳೋದು, ನಾಳೆ ಬೇರೆಯವರ ಜೀವ ಇವರ ಕೈಲಿರ್ತದೆ.

ಓಪನ್ ವಾಟರ್: ಇಲ್ಲೇ ನಮ್ಮವರು ಎಡವೋದು

ಈಜಿನ ಪರೀಕ್ಷೆ 200 ಮೀಟರ್, ಇಲ್ಲಾ ಮಾಸ್ಕು ಫಿನ್ನು (ಕಾಲಿಗೆ ಹಾಕೋ ರೆಕ್ಕೆ) ಹಾಕ್ಕೊಂಡು 300 ಮೀಟರ್, ಜೊತೆಗೆ 10 ನಿಮಿಷ ತೇಲೋದು. ಕಾಳಿ ಹೊಳೆ ದಂಡೆಲೋ ಅಘನಾಶಿನಿ ಅಳಿವೆಲೋ ಬೆಳೆದೋರಿಗೆ ಇದು ನಗು ಬರೋವಷ್ಟು ಸಲೀಸು. ಬಂಡೆ ಹತ್ರ ಮುಳುಗಿ ನೀಲಿಕಲ್ಲು (ಬಂಡೆಗೆ ಅಂಟೋ ಚಿಪ್ಪು) ತೆಗೆದು ಅಭ್ಯಾಸ ಇರೋ ಹುಡುಗನಿಗೆ ನೀರಿನ ಹೆದರಿಕೆನೇ ಇಲ್ಲ, ಕಿವಿ ಕಟ್ಟಿದ್ರೆ ಮೂಗು ಹಿಡಿದು ಗಾಳಿ ಒತ್ತಿ ಬಿಡಿಸ್ಕೊಳ್ಳೋದೂ ಗೊತ್ತು. ಆದ್ರೆ ಅವನಿಗೆ ಇನ್ನೊಂದು ಅಭ್ಯಾಸನೂ ಇದೆ, ನೀರಿನ ಒಳಗೆ ಹೋದ ಕೂಡ್ಲೇ ಉಸಿರು ಕಟ್ಟೋದು. ಸ್ಕೂಬಾದಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಯಾಕೆ ಅಂದ್ರೆ, ದಡದ ಮೇಲೆ ನಮ್ಮ ಮೇಲಿರೋ ಗಾಳಿ ಒತ್ತಡ ಸುಮಾರು 1 ಬಾರ್, 10 ಮೀಟರ್ ಕೆಳಗೆ ಹೋದ್ರೆ 2 ಬಾರ್, 20ರಲ್ಲಿ 3, 30ರಲ್ಲಿ 4. ಉಸಿರು ಕಟ್ಟಿ ಮುಳುಗೋನು ಮೇಲಿನ ಗಾಳಿನೇ ಒಳಗೆ ತಗೊಂಡು ಹೋಗ್ತಾನೆ, ಕೆಳಗೆ ಅದು ಕುಗ್ತದೆ, ಮೇಲೆ ಬಂದಾಗ ಮತ್ತೆ ಮೊದಲಿನಷ್ಟೇ ಆಗ್ತದೆ, ಅಷ್ಟೇ. ಸಿಲಿಂಡರ್ ಹಾಕ್ಕೊಂಡೋನು ಹಾಗಲ್ಲ, 10 ಮೀಟರಲ್ಲಿ ನಿಂತು ಅಲ್ಲಿನ ಒತ್ತಡದ ಗಾಳಿನೇ ಎಳ್ಕೊಳ್ತಾನೆ, ಶ್ವಾಸಕೋಶದಲ್ಲಿ 5 ಲೀಟರ್ ಇದ್ರೆ ಉಸಿರು ಕಟ್ಟಿ ಮೇಲೆ ಬಂದಾಗ ಅದು 10 ಲೀಟರ್ ಆಗೋಕೆ ನೋಡ್ತದೆ, ಜಾಗ ಎಲ್ಲಿದೆ? ಶ್ವಾಸಕೋಶ ಹರೀತದೆ, ಗಾಳಿ ರಕ್ತಕ್ಕೆ ಸೇರಿದ್ರೆ ಮಿದುಳಿನ ತನಕ ಹೋಗ್ತದೆ. ಆಳಕ್ಕೆ ಹೋದ್ರೆ ಮಾತ್ರ ಅಲ್ಲ, ಎದೆ ತುಂಬ ಗಾಳಿ ಹಿಡ್ಕೊಂಡು ಒಂದೂವರೆ ಮೀಟರಿಂದ ಎದ್ರೂ ಪೆಟ್ಟಾಗ್ಬಹುದು. ಅದಕ್ಕೆ ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡೋ ಸಾಧನ) ಬಿದ್ದು ಹುಡುಕೋವಾಗ ಕೂಡ ತುಟಿ ಸಂದಿಂದ ಸಣ್ಣ ಗುಳ್ಳೆ ಬಿಡ್ತಾ ಇರ್ಬೇಕು ಅಂತ ಹೊಡೆದು ಹೊಡೆದು ಕಲಿಸ್ತಾರೆ. ಹೊಸಬನಿಗೆ ಇದು ಬೇಗ ಬರ್ತದೆ. ಚಿಕ್ಕಂದಿಂದ ಮುಳುಗಿದೋನಿಗೇ ಟೈಮ್ ಹಿಡಿಯೋದು, ಮೈ ಕೇಳೂದಿಲ್ಲ.

ಸಮುದ್ರದಲ್ಲಿ ನಾಲ್ಕು ಡೈವ್ ಮುಗಿಸಿ ಪರೀಕ್ಷೆ ಬರೆದು ಪಾಸಾದ್ರೆ ಕಾರ್ಡು ಸಿಗ್ತದೆ, 18 ಮೀಟರ್ ತನಕ ಹೋಗ್ಬಹುದು. ಅಡ್ವಾನ್ಸ್ಡ್ ಅಂದ್ರೆ ಇನ್ನೂ ಐದು ಡೈವು, ಅದ್ರಲ್ಲಿ ಆಳದ್ದೊಂದು, ದಿಕ್ಸೂಚಿ ಹಿಡಿದು ದಾರಿ ಹುಡುಕೋದೊಂದು ಕಡ್ಡಾಯ, ಮಿತಿ 30 ಮೀಟರಿಗೆ ಏರ್ತದೆ. ಇದ್ರ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ಮಜಾ ಕೋರ್ಸು.

ರೆಸ್ಕ್ಯೂ ಮಾತ್ರ ಮಜಾ ಅಲ್ಲ. ಫಸ್ಟ್ ಏಡು ಸಿಪಿಆರ್ ಮೊದ್ಲೇ ಆಗಿರ್ಬೇಕು (24 ತಿಂಗಳ ಒಳಗಿನದ್ದು), ಆಮೇಲೆ ಗಾಬರಿ ಬಿದ್ದೋನನ್ನ ಹಿಡಿಯೋದು, ಪ್ರಜ್ಞೆ ಇಲ್ಲದೋನನ್ನ ತಳದಿಂದ ಎತ್ತೋದು, ಉಸಿರು ಕೊಡ್ತಾ ಕೊಡ್ತಾ ಬೋಟಿಗೆ ಎಳೆಯೋದು, ಅಲೆ ಬೇರೆ ಹೊಡೀತಾ ಇರ್ತದೆ. ನನ್ನ ಕೇಳಿದ್ರೆ ಈ ಕೋರ್ಸಲ್ಲಿ ಬೇಜಾರು ಬಂದೋರು ಮುಂದೆ ಹೋಗೋದೇ ಬೇಡ.

ಡೈವ್‌ಮಾಸ್ಟರ್: ಹೊರೆ ಮತ್ತು ಲೆಕ್ಕ

ಶುರು ಮಾಡೋಕೆ ಲಾಗ್‌ಬುಕ್ಕಲ್ಲಿ (ಡೈವ್ ಬರೆದಿಡೋ ಪುಸ್ತಕ) 40 ಡೈವ್, ಮುಗಿಸೋಕೆ 60. 400 ಮೀಟರ್ ಈಜು, 800 ಮೀಟರ್ ಸ್ನಾರ್ಕೆಲ್ (ಉಸಿರಾಡೋ ಕೊಳವೆ) ಈಜು, 15 ನಿಮಿಷ ತೇಲೋದು (ಕಡೇ 2 ನಿಮಿಷ ಕೈ ನೀರಿಂದ ಮೇಲೆ), ಸುಸ್ತಾದ ಡೈವರನ್ನ 100 ಮೀಟರ್ ಎಳೆಯೋದು, ತೇಲೋದು ಬಿಟ್ಟು ಉಳಿದದ್ದಕ್ಕೆ ಟೈಮ್ ನೋಡಿ ಮಾರ್ಕು. ಸುಮಾರು ಜನ ಡೈವ್ ಶಾಪಲ್ಲೇ ಕೆಲಸ ಮಾಡ್ತಾ ಕಲೀತಾರೆ. ಅಡ್ಡಿಲ್ಲ, ಆದ್ರೆ ಎಷ್ಟು ಡೈವ್ ಸಿಗ್ತದೆ, ಎಷ್ಟು ದಿನ ಬರೀ ಸಿಲಿಂಡರ್ ಹೊರೋದು ಅಂತ ಮೊದ್ಲೇ ಬರೆಸ್ಕೊಳ್ಳಿ.

ನಮ್ಮ ಹುಡುಗ್ರನ್ನ ಹಿಂದೆ ಎಳೆಯೋದು ಥಿಯರಿ. ಕೋರ್ಸು ಪರೀಕ್ಷೆ ಎಲ್ಲ ನಮ್ಮ ಕಡೆ ಇಂಗ್ಲಿಷಲ್ಲೇ ನಡೀತದೆ, ಅದ್ರ ಮೇಲೆ ಫಿಸಿಕ್ಸು. ಒಂದು ಮಾದರಿ: 120 ಕೆಜಿ ಬೋಟ್ ಎಂಜಿನ್ 20 ಮೀಟರ್ ಆಳಕ್ಕೆ ಬಿದ್ದಿದೆ, ಅದು 40 ಲೀಟರ್ ನೀರು ಪಕ್ಕಕ್ಕೆ ತಳ್ತದೆ, ಎತ್ತೋಕೆ ಲಿಫ್ಟ್ ಬ್ಯಾಗಿಗೆ (ಗಾಳಿ ತುಂಬಿ ಭಾರ ಎತ್ತೋ ಚೀಲ) ಎಷ್ಟು ಗಾಳಿ ಬೇಕು? ಸಮುದ್ರದ ನೀರು ಲೀಟರಿಗೆ 1.03 ಕೆಜಿ, ಹಂಗಾಗಿ 40 ಲೀಟರಿಗೆ 41.2 ಕೆಜಿ ಭಾರ ನೀರೇ ಹೊತ್ಕೊಳ್ತದೆ, ಉಳಿದದ್ದು 78.8. ಅದನ್ನ 1.03ರಿಂದ ಭಾಗಿಸಿದ್ರೆ 76.5 ಲೀಟರ್. ಕೆಳಗೆ 3 ಬಾರ್ ಇರೋದ್ರಿಂದ ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ 229.5 ಲೀಟರ್ ಗಾಳಿ. ನೋಡಿ, ಇಷ್ಟೇ. ಪಿಯುಸಿ ಸೈನ್ಸ್ ಬೇಕಂತ ಇಲ್ಲ, ಕೂತು ಬಿಡಿಸ್ಬೇಕು ಅಷ್ಟೇ, ಜೂನ್‌ನಿಂದ ಸೆಪ್ಟೆಂಬರ್ ಸಮುದ್ರ ಕೆಟ್ಟಿರೋವಾಗ ಮನೇಲಿ ಬೇರೆ ಎಂತ ಕೆಲ್ಸ?

ಇನ್‌ಸ್ಟ್ರಕ್ಟರ್ ಕೋರ್ಸು, ಪರೀಕ್ಷೆ

ಕೋರ್ಸಿಗೆ ಸೇರೋಕೆ 60 ಡೈವ್ ಸಾಕು, ಪರೀಕ್ಷೆಗೆ 100 ಬೇಕು, ಡೈವರ್ ಆಗಿ ಕನಿಷ್ಠ 6 ತಿಂಗಳು ಆಗಿರ್ಬೇಕು. ಫಸ್ಟ್ ಏಡ್ ಕಲಿಸೋ ಇನ್‌ಸ್ಟ್ರಕ್ಟರ್ ಅರ್ಹತೆನೂ ಬೇರೆ ಮಾಡ್ಕೋಬೇಕು. ಈ ಕೋರ್ಸು ಎಲ್ಲಾ ಊರಲ್ಲೂ ಇಲ್ಲ, ಅಂಡಮಾನಿನ ಸ್ವರಾಜ್ ದ್ವೀಪ (ಹಳೇ ಹ್ಯಾವ್‌ಲಾಕ್) ಕಡೆ ಹೋಗೋರು ಜಾಸ್ತಿ.

ಈ ಕೋರ್ಸಲ್ಲಿ ನಿಮ್ಮ ಡೈವಿಂಗ್‌ಗಿಂತ ಕಲಿಸೋದನ್ನ ಜಾಸ್ತಿ ನೋಡ್ತಾರೆ. ಮಾಸ್ಕಿಂದ ನೀರು ತೆಗೆಯೋದನ್ನ ನಿಧಾನಕ್ಕೆ, ಒಂದೊಂದು ಕೈ ಚಲನೆನೂ ಕಾಣೋ ಹಾಗೆ ಮಾಡಿ ತೋರಿಸ್ಬೇಕು. ಜೊತೆಗೆ ಬಂದೋರೇ ವಿದ್ಯಾರ್ಥಿ ವೇಷ ಹಾಕಿ ಬೇಕಂತ್ಲೇ ತಪ್ಪು ಮಾಡ್ತಾರೆ, ಒಬ್ಬ ಉಸಿರು ಕಟ್ತಾನೆ, ಇನ್ನೊಬ್ಬ ಮೇಲೆ ತೇಲೋಕೆ ಶುರು ಮಾಡ್ತಾನೆ, ನೀವು ಒಬ್ಬನ್ನ ತಿದ್ದೋವಾಗ ಇನ್ನೊಬ್ಬನ ಮೇಲೆ ಕಣ್ಣಿಲ್ಲ ಅಂದ್ರೆ ಮಾರ್ಕ್ ಹೋಯ್ತು. ಪರೀಕ್ಷೆ ತಗೊಳ್ಳೋಕೆ ಕಲಿಸಿದೋರಲ್ಲ, ಪ್ಯಾಡಿಯಿಂದ ಬೇರೆಯೋರು ಬರ್ತಾರೆ. ಥಿಯರಿ ಐದು ಭಾಗ, ಒಂದೊಂದ್ರಲ್ಲೂ 75 ಪರ್ಸೆಂಟ್ ಬೇಕು. ನಿಯಮದ ಪುಸ್ತಕದ ಪರೀಕ್ಷೆ ಪುಸ್ತಕ ತೆರೆದೇ ಬರೆಯೋದು, ಆದ್ರೂ ಎಲ್ಲಿ ಏನಿದೆ ಗೊತ್ತಿಲ್ಲದೋರು ಹುಡುಕ್ತಾನೇ ಕೂರ್ತಾರೆ.

ಪಾಸಾದ ಮೇಲೆ

ವರ್ಷ ವರ್ಷ ಫೀಸು ಕಟ್ಟಿ ಮೆಂಬರ್‌ಶಿಪ್ ರಿನ್ಯೂ ಮಾಡ್ಬೇಕು, ಇಲ್ಲಾಂದ್ರೆ ಕಲಿಸೋ ಹಾಗಿಲ್ಲ. ನೇತ್ರಾಣೀಲಿ ಬರೋರಲ್ಲಿ ಹೆಚ್ಚಿನೋರು ಒಂದೇ ಸಲ ಮುಳುಗಿ ಫೋಟೋ ತೆಗೆಸ್ಕೊಂಡು ಹೋಗೋರು, ಅವ್ರಿಗೆ 12 ಮೀಟರ್ ಮಿತಿ. ಸುಮಾರು ಜನ ಗಿಳಿಮೀನು ನೋಡಿದ ಖುಷೀಲಿ ಹೆಬ್ಬೆಟ್ಟು ಎತ್ತಿ ಸೂಪರ್ ಅಂತಾರೆ, ಡೈವಿಂಗಲ್ಲಿ ಅದ್ರ ಅರ್ಥ ಮೇಲೆ ಹೋಗೋಣ ಅಂತ. ಬೋಟಲ್ಲೇ ಎರಡು ಸಲ ಹೇಳಿಸಿ.

ಇನ್ನೊಂದನ್ನ ಪುಸ್ತಕದಲ್ಲಿ ವಿಮಾನದ ಲೆಕ್ಕದಲ್ಲಿ ಹೇಳ್ತಾರೆ, ನಮ್ಮಲ್ಲಿ ಅದು ಬಸ್ಸಿಗೂ ಬರ್ತದೆ. ಡೈವ್ ಆದ ಮೇಲೆ ಮೈಯಲ್ಲಿ ನೈಟ್ರೋಜನ್ ಉಳಿದಿರ್ತದೆ, ಎತ್ತರಕ್ಕೆ ಹೋದ್ರೆ ಒತ್ತಡ ಕಮ್ಮಿಯಾಗಿ ಗುಳ್ಳೆ ಕಟ್ಟೋ ಸಾಧ್ಯತೆ. ಒಂದೇ ಡೈವ್ ಆದ್ರೆ 12 ಗಂಟೆ, ಜಾಸ್ತಿ ಆದ್ರೆ 18 ಗಂಟೆ ಬಿಟ್ಟು ಹಾರ್ಬೇಕು ಅನ್ನೋದು ಸಲಹೆ, ಅದು ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕ. ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋದ್ರೆ ಹತ್ರ ಹತ್ರ ಅಷ್ಟೇ ಆಯ್ತು, ಬೆಂಗಳೂರು 900. ಮಧ್ಯಾಹ್ನ ಎರಡು ಡೈವ್ ಹೊಡೆದು ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸ್ಕೊಂಡು ಬಂದೋರಿಗೆ ಇದನ್ನ ಬುಕಿಂಗ್ ಮಾಡೋವಾಗ್ಲೇ ಹೇಳ್ಬೇಕು, ಬೈದ್ರೂ ಅಡ್ಡಿಲ್ಲ, ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳೀಲಿ.

ಕೆಲಸ ಹುಡುಕೋರು ಅಕ್ಟೋಬರ್ ತನಕ ಕಾಯೋದು ಬೇಡ, ಆಗಸ್ಟ್ ಸೆಪ್ಟೆಂಬರಲ್ಲೇ ಲಾಗ್‌ಬುಕ್ಕು, ಕಾರ್ಡು, ಮೆಡಿಕಲ್ ಫಾರ್ಮು ಹಿಡ್ಕೊಂಡು ಡೈವ್ ಶಾಪುಗಳಿಗೆ ಹೋಗಿ. ಆಗ ಅವರೂ ಸಾಮಾನು ರಿಪೇರಿ ಮಾಡ್ಕೊಂಡು ಕೂತಿರ್ತಾರೆ, ಮಾತಾಡೋಕೆ ಪುರುಸೊತ್ತು ಸಿಗ್ತದೆ.