ಬೇರಿನೊಳಗಿನ ಔಷಧ ಹೊರಗೆ ಬರುವುದನ್ನು ಕಂಡೆ: ನನ್ನ ಅನುಭವ

ಹಲ್ಲಿನ ರೂಟ್ ಕೆನಾಲ್ (ಬೇರಿನೊಳಗಿನ ನಾಳ) ಒಳಗೆ ಇಟ್ಟ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರದಿಂದ ಕ್ರಿಮಿ ಕೊಲ್ಲುವ ಔಷಧ, ಬೇರಿನ ಗೋಡೆ ದಾಟಿ ಹೊರಗೆ ಬರುತ್ತದೆ. ಆದರೆ ನಿಧಾನ. ಕೊಡಗಿನ ಗೋಣಿಕೊಪ್ಪದ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ, ಫೋಟೋಗಳೂ ಇವೆ. "ಬಂದರೆ ತುದಿಯ ತೂತಿನಿಂದ ಬರಬೇಕು, ಡೆಂಟಿನ್ (ಬೇರಿನ ಗೋಡೆ) ಮೂಲಕ ಏನೂ ಬರಲ್ಲ, ವಾರಕ್ಕೊಮ್ಮೆ ಬದಲಿಸಿ" ಎನ್ನುತ್ತಿದ್ದ ಗೆಳೆಯರು ಈಗ ಸುಮ್ಮನಾಗಿದ್ದಾರೆ.

ಕಾಫಿ ಕೊಯ್ಲು ಶುರುವಾದರೆ ತೋಟದ ಕೆಲಸದವರು ವಾರಕ್ಕೊಮ್ಮೆ ಬರುವುದಿಲ್ಲ. ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಔಷಧ ಒಮ್ಮೆ ಇಟ್ಟು ತಿಂಗಳು ಬಿಡಬಹುದಾ ಎಂದು ನನಗೆ ತಿಳಿಯಬೇಕಿತ್ತು.

ಹಲ್ಲಿಗೆ ಕ್ಲಿಪ್ ಹಾಕಲು ತೆಗೆದ ಪ್ರಿಮೋಲಾರ್‌ಗಳನ್ನು (ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ ಹಲ್ಲುಗಳನ್ನು) ಒಪ್ಪಿಗೆ ಪಡೆದು ಸಲೈನ್‌ನಲ್ಲಿ ಇಟ್ಟುಕೊಂಡೆ. ಕೆನಾಲ್ ತಯಾರು ಮಾಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬಿದೆ. ಹೊರಗೆಲ್ಲ ನೇಲ್ ಪಾಲಿಶ್ ಬಳಿದು ಬೇರಿನ ನಡುವೆ ಸಣ್ಣ ಕಿಟಕಿ ಬಿಟ್ಟೆ. ಚೈನಾ ಗ್ರಾಸ್ ಕುದಿಸಿ, ಸ್ವಲ್ಪ ಆರಿದ ಮೇಲೆ ಕ್ಷಾರ ತಗುಲಿದರೆ ಬಣ್ಣ ತೋರುವ ಫಿನಾಲ್ಫ್ಥಲೀನ್ ಹನಿಸಿ, ಹಲ್ಲನ್ನು ಅದರಲ್ಲಿ ನಿಲ್ಲಿಸಿದೆ. ಪಿಎಚ್ (ಕ್ಷಾರದ ಅಳತೆ) 8.3ರ ಆಸುಪಾಸು ದಾಟಿದರೆ ಗುಲಾಬಿ ಬಣ್ಣ. ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಆಗಿರಬಹುದು. ಅದರಲ್ಲಿ ಜಾಸ್ತಿ ಹೋದದ್ದು ಕೆಟ್ಟ ಬ್ಯಾಚ್‌ಗಳಿಗೆ.

ಮೊದಲ ಬ್ಯಾಚಿನಲ್ಲಿ ಸಂಜೆಯೊಳಗೆ ತುದಿಯಿಂದ ಗುಲಾಬಿ ಸೋರಿತು. ಗೆಳೆಯರು ಹೇಳಿದ ಹಾಗೇ ಆಯಿತು ಅಲ್ವಾ! ತುದಿ ಮುಚ್ಚಲು ಕೊನೆಗೆ ಏನು ಬಳಸಿದೆ ಎನ್ನುವುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಕಿಟಕಿಯೇ ಇಲ್ಲದ ಹಲ್ಲೊಂದನ್ನು ಪೇಸ್ಟ್ ತುಂಬಿ ಪಕ್ಕದಲ್ಲಿಟ್ಟಿದ್ದೆ. ಕೊನೆಯವರೆಗೂ ಅದರ ಸುತ್ತ ಬಣ್ಣ ಬರಲಿಲ್ಲ.

ಜುಲೈ ಬ್ಯಾಚಿನಲ್ಲಿ ಬಣ್ಣವೇ ಇಲ್ಲ. ಪೇಸ್ಟ್ ಕಲಸುವ ಪುಡಿಯ ಮೇಲೆ ಅನುಮಾನ ಬಂದು ಒಂದು ಚಿಟಿಕೆ ತೆಗೆದು ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಒಂದು ಹನಿ ಬಿಟ್ಟೆ. ಬುಸ್ ಎಂದು ನೊರೆ ಬಂತು. ನಮ್ಮ ಮಳೆಗಾಲದ ತೇವದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಪುಡಿ ಕಾರ್ಬೊನೇಟ್ ಆಗಿತ್ತು. ಈಗ ಚಿಕ್ಕ ಬಾಟಲಿಯನ್ನೇ ಕೊಳ್ಳುತ್ತೇನೆ. ಗ್ರಾಂ ಲೆಕ್ಕದಲ್ಲಿ ದುಬಾರಿ, ಆದರೂ ಅದೇ ಸರಿ.

ಮೂರನೆಯದು ಗೆದ್ದಿತು. ಶೇಕಡಾ 17ರ ಇಡಿಟಿಎ, ಆಮೇಲೆ ಹೈಪೋಕ್ಲೋರೈಟ್ ದ್ರಾವಣ ಹಾಕಿ ಸ್ಮಿಯರ್ ಲೇಯರ್ (ಕೆನಾಲ್ ಕೆರೆದಾಗ ಗೋಡೆಗೆ ಮೆತ್ತುವ ಪದರ) ತೆಗೆದ ಹಲ್ಲುಗಳ ಕಿಟಕಿಯಲ್ಲಿ ಮೂರ್ನಾಲ್ಕು ದಿನಕ್ಕೆ ಗುಲಾಬಿ ಅಂಚು ಕಂಡಿತು. ತೆಗೆಯದವು ಇನ್ನೂ ಒಂದು ವಾರ ಕಾಯಿಸಿದವು. 1993ರಲ್ಲಿ ನರ್ವಿಚ್, ಫಿಗ್ಡರ್, ಮೆಸ್ಸರ್ ಎಂಬ ಸಂಶೋಧಕರು ಅಳೆದದ್ದೂ ಹೀಗೇ ಇದೆ: ಒಳಗಿನ ಡೆಂಟಿನ್‌ನಲ್ಲಿ ಪಿಎಚ್ ಗಂಟೆಗಳಲ್ಲೇ ಏರುತ್ತದೆ, ಹೊರಭಾಗದಲ್ಲಿ ಏರಲು 1ರಿಂದ 7 ದಿನ, ಗರಿಷ್ಠ ಮುಟ್ಟಲು 2–3 ವಾರ. ಪೇಸ್ಟ್ 12.5 ಇದ್ದರೂ ಹೊರಗೆ ಸಿಗುವುದು 9ರ ಹತ್ತಿರ. ದಾರಿಯಲ್ಲಿ ಡೆಂಟಿನ್ ಉಳಿದದ್ದನ್ನು ನುಂಗುತ್ತದೆ. ವಾರಕ್ಕೇ ತೊಳೆದು ತೆಗೆದರೆ ಹೊರಗೋಡೆಗೆ ಏನು ಸಿಕ್ಕಿತು?

ಸುಮ್ನೆ ಕುತೂಹಲಕ್ಕೆ ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನೂ ತುಂಬಿ ನೋಡಿದೆ. ಅದೂ ಗುಲಾಬಿ ಕೊಟ್ಟಿತು. ರೋಗಿಗೆ ಮಾತ್ರ ಖಂಡಿತ ಬೇಡ. ವಯಸ್ಸಾದವರೊಬ್ಬರ ಹಲ್ಲಿಗೆ ತುದಿಯ ಹತ್ತಿರ ಕಿಟಕಿ ಬಿಟ್ಟೆ. ಬೇರು ಅಲ್ಲಿ ಗಾಜಿನಂತೆ ಪಾರದರ್ಶಕವಾಗಿತ್ತು, ಟ್ಯೂಬ್ಯೂಲ್‌ಗಳು (ಡೆಂಟಿನ್ ಒಳಗಿನ ಸೂಕ್ಷ್ಮ ನಾಳಗಳು) ಮುಚ್ಚಿಹೋಗಿದ್ದವು. ಬಣ್ಣ ಬರಲೇ ಇಲ್ಲ ಎನ್ನಬಹುದು. ಬೇರಿನ ಹೊರಪದರವಾದ ಸಿಮೆಂಟಮ್ ಕೆರೆದ ಜಾಗದಲ್ಲಿ ಮಾತ್ರ ಬೇಗ ಬಂತು. ಬೇರು ಕರಗುತ್ತಿರುವ ಹಲ್ಲಿಗೆ ಈ ಔಷಧ ಯಾಕೆ ಹಿಡಿಯುತ್ತದೆ ಎನ್ನುವುದು ಅಲ್ಲಿ ಎದುರಿಗೇ ಕಂಡಿತು.

ಈಗ ಲೆಂಟುಲೋದಿಂದ (ಪೇಸ್ಟ್ ಒಳಗೆ ತಳ್ಳುವ ಸುರುಳಿ ತಂತಿ) ಉದ್ದಕ್ಕೆ ತುಂಬಿ, ಎಕ್ಸ್‌ರೇ ನೋಡಿ, ಮೇಲೆ ದಪ್ಪಗೆ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಾಕಿ ಸುಮಾರು ಒಂದು ತಿಂಗಳು ಬಿಡುತ್ತೇನೆ. ಅದಕ್ಕಿಂತ ತುಂಬಾ ಎಳೆಯುವುದಿಲ್ಲ, ತಿಂಗಳುಗಟ್ಟಲೆ ಬಿಟ್ಟರೆ ಬೇರು ದುರ್ಬಲವಾಗುತ್ತದೆ. ಒಸಡಿನಲ್ಲಿ ಕೀವಿನ ತೂತು ಇದ್ದ ಹೆಚ್ಚಿನವರಿಗೆ ಮುಂದಿನ ಭೇಟಿಗೆ ಅದು ಮುಚ್ಚಿರುತ್ತದೆ. ಪೇಸ್ಟಿನ ಹದ ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ.

ಹಳೆಯ ರೂಟ್ ಕೆನಾಲ್ ಮತ್ತೆ ತೆರೆದ ಹಲ್ಲುಗಳಲ್ಲಿ ಇಷ್ಟು ಸಾಲದು. ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಪಿಎಚ್ 9ಕ್ಕೆ ಸಾಯುವುದಿಲ್ಲ. ಅಲ್ಲಿ ಶೇಕಡಾ 2ರ ಕ್ಲೋರ್‌ಹೆಕ್ಸಿಡಿನ್ ಜೆಲ್ ಇಡುತ್ತೇನೆ. ಅದಕ್ಕೆ ಮೊದಲು ಹೈಪೋಕ್ಲೋರೈಟ್ ಪೂರ್ತಿ ಹೋಗುವ ಹಾಗೆ ಸಲೈನ್‌ನಿಂದ ಚೆನ್ನಾಗಿ ತೊಳೆಯಿರಿ, ಎರಡೂ ಸೇರಿದರೆ ಕಂದು ಗಸಿ ಕೂರುತ್ತದೆ.